ಶಹಜಾದಿಯ ದವಡೆ ಹಲ್ಲು

ನಮ್ಮ ಮನೆಯಲ್ಲಿ ಒಬ್ಬಳಿಗೆ ದಿನಕ್ಕೆ ಐದು ಹೊತ್ತು ಊಟ. ಐದೂ ಹೊತ್ತು ಬಿಸಿಬಿಸಿ. ಹುರುಳಿ ಬೇಯಿಸಿ, ಹಿಸುಕಿ, ಗೋಧಿ ಬೂಸಾ ಕಲಸಿ, ಚಿಟಿಕೆ ಉಪ್ಪು ಹಾಕಿ, ಬಿಸಿ ಹೆಚ್ಚಾಯಿತೇನೋ ಎಂದು ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ, ಆಮೇಲೆ ಮುದ್ದಿನಿಂದ ಕರೆದು ಉಣಿಸುತ್ತಾರೆ. ಆ ಒಬ್ಬಳು ನಮ್ಮ ಮಗಳಲ್ಲ, ಸೊಸೆಯೂ ಅಲ್ಲ, ನಮ್ಮ ಕುದುರೆ. ಉಣಿಸುವವಳು ನನ್ನ ಹೆಂಡತಿ ತಾಜಬೀ. ಮದುವೆಯಾಗಿ ನಲವತ್ತೊಂದು ವರ್ಷ ಕಳೆದ ಈ ಉಮರಸಾಬನಿಗೆ ಮಾತ್ರ ಎರಡೇ ಹೊತ್ತು, ಅದೂ "ಬುಟ್ಟ್ಯಾಗ ರೊಟ್ಟಿ ಅದಾವು, ತಗೊಂಡ್ ತಿನ್ರಿ" ಎಂಬ ಆಮಂತ್ರಣದ ಮೇರೆಗೆ. ಇದು ಅನ್ಯಾಯವಲ್ಲವೇ ಎಂದು ಓಣಿಯಲ್ಲಿ ನಾಲ್ಕು ಮಂದಿಯನ್ನು ಕೇಳಿದೆ. ನಾಲ್ವರೂ ಕುದುರೆ ಹೇಗಿದೆ ಎಂದು ವಿಚಾರಿಸಿದರು.

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹೇಳದಿದ್ದರೆ ತಾಜಬೀ ಹೇಳುತ್ತಾಳೆ, ಅವಳು ಹೇಳಿದರೆ ಕಥೆ ಇನ್ನೂ ಉದ್ದವಾಗುತ್ತದೆ.

ಕೊಪ್ಪಳದ ಸುತ್ತ ಇಪ್ಪತ್ತು ಹರದಾರಿಯಲ್ಲಿ ಕುದುರೆಯ ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. (ಇದು ಜಂಬವಲ್ಲ. ಈಗ ಇಲ್ಲಿ ಕುದುರೆಗಳೇ ಇಲ್ಲದ್ದರಿಂದ ಮೀರಿಸಲು ಯಾರೂ ಬರುವುದೂ ಇಲ್ಲ.) ಒಂದು ಕಾಲದಲ್ಲಿ ಯಲಬುರ್ಗಾದ ಕಡೆಯವರು, ಅಳವಂಡಿಯ ಕಡೆಯವರು ಕುದುರೆ ಕೊಳ್ಳುವ ಮೊದಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ನಾನು ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡು, ಕುದುರೆಯ ಮುಂದೆ ನಿಂತು, ಎರಡು ಬೆರಳಿನಿಂದ ಮೇಲ್ದುಟಿ ಎತ್ತಿ, ಕೆಳದುಟಿ ಇಳಿಸಿ, ಒಂದು ಗಳಿಗೆ ಕಣ್ಣು ಕಿರಿದು ಮಾಡಿ "ಒಂಬತ್ತು" ಎನ್ನುತ್ತಿದ್ದೆ. ಆರು ಎಂದು ಹೇಳಿಟ್ಟಿದ್ದ ಮಾರಾಟಗಾರನ ಮುಖ ಸಣ್ಣಗಾಗುತ್ತಿತ್ತು. ಈ ವಿದ್ಯೆ ನನಗೆ ಅಪ್ಪನಿಂದ ಬಂತು, ಅಪ್ಪನಿಗೆ ಅವನ ಅಪ್ಪನಿಂದ. ತಾಜಬೀಯ ತಮ್ಮ ಮಾಜೀದನಿಗೆ ಹೆಣ್ಣು ನೋಡಲು ಹೋದಾಗ, "ನೀವು ಹುಡಿಗಿ ಬಾಯಿ ಕಡೆ ನೋಡಬ್ಯಾಡ್ರಿ, ನೆಲಾ ನೋಡ್ಕೋತ ಕುಂದರ್ರಿ" ಎಂದು ಅವಳು ಮೊದಲೇ ತಾಕೀತು ಮಾಡಿದ್ದಳು. ನೆಲ ನೋಡುತ್ತಲೇ ಕುಳಿತೆ. (ಹುಡುಗಿ ನಕ್ಕಾಗ ಮಾತ್ರ ಕಣ್ಣು ಹೋಯಿತು. ಇಪ್ಪತ್ತೆರಡು. ಅವರು ಹತ್ತೊಂಬತ್ತು ಎಂದಿದ್ದರು. ನಾನು ಇಂದಿನವರೆಗೆ ಯಾರಿಗೂ ಹೇಳಿಲ್ಲ.)

ನಮ್ಮ ಕುದುರೆಯ ಹೆಸರು ಶಹಜಾದಿ. ಹೆಸರಿಟ್ಟಾಗ ಅವಳಿಗೆ ನಾಲ್ಕು ವರ್ಷ, ಈಗ ಇಪ್ಪತ್ತೇಳು. ಮನುಷ್ಯರ ಲೆಕ್ಕದಲ್ಲಿ ಎಂಬತ್ತರ ಸಮೀಪದ ರಾಜಕುಮಾರಿ. ಮೊದಲು ಟಾಂಗಾ ಎಳೆದಳು. ಮುನಿರಾಬಾದ ಸ್ಟೇಶನ್ನಿನಲ್ಲಿ ರೈಲು ಇಳಿದ ಭಕ್ತರನ್ನು ಹುಲಿಗಿಯ ಹುಲಿಗೆಮ್ಮನ ಗುಡಿಗೆ ಮುಟ್ಟಿಸುವುದು ನಮ್ಮಿಬ್ಬರ ಕೆಲಸ. ಹುಣ್ಣಿಮೆಯ ದಿನ ಎಷ್ಟು ಸವಾರಿ ಹೊಡೆದರೂ ಅವಳು ಬೇಸರ ಮಾಡಿಕೊಂಡವಳಲ್ಲ. ಆಟೋಗಳು ಬಂದು ಟಾಂಗಾ ಮೂಲೆಗೆ ಸೇರಿದ ಮೇಲೆ ಶಹಜಾದಿ ಮದುವೆ ಮೆರವಣಿಗೆಗೆ ಬಡ್ತಿ ಪಡೆದಳು. ಹಿಂದೂಗಳ ಮದುಮಗನಿರಲಿ, ನಮ್ಮವರ ದೂಲ್ಹಾ ಇರಲಿ, ಬೆನ್ನ ಮೇಲೆ ಹೊತ್ತು, ಬ್ಯಾಂಡಿಗೂ ಪಟಾಕಿಗೂ ಕಿವಿ ಅಲ್ಲಾಡಿಸದೆ ನಡೆದಳು. ನಾಲ್ಕು ವರ್ಷದ ಹಿಂದೆ ಮಾತ್ರ ಒಬ್ಬ ದಪ್ಪ ಮದುಮಗನನ್ನು ಹೊತ್ತು ಹತ್ತು ಹೆಜ್ಜೆ ಹಾಕಿ, ಬಜಾರಿನ ನಡುವೆ ನಿಂತಳು. ಏನು ಮಾಡಿದರೂ ಹನ್ನೊಂದನೆಯ ಹೆಜ್ಜೆ ಇಡಲಿಲ್ಲ. ಮದುಮಗ ಇಳಿದು ಬಾಸಿಂಗ ಹಿಡಿದುಕೊಂಡು ನಡೆದುಹೋದ. ಅಂದೇ ನಾವಿಬ್ಬರೂ ನಿವೃತ್ತರಾದೆವು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅವಳು, ಮುಂದಿನ ಕಟ್ಟೆಯ ಮೇಲೆ ನಾನು.

ಮನೆಯಲ್ಲಿ ನಾವು ಮಾತಾಡುವುದು ಅರ್ಧ ನಮ್ಮ ದಖನಿ ಉರ್ದು, ಅರ್ಧ ಕನ್ನಡ. ಬೈಯುವಾಗ ಮಾತ್ರ ತಾಜಬೀ ಪೂರ್ತಿ ಕನ್ನಡಕ್ಕೆ ಬಂದುಬಿಡುತ್ತಾಳೆ, ಎಡಬಲದ ಮನೆಯವರಿಗೂ ತಿಳಿಯಲಿ ಎಂದು. ಶಹಜಾದಿಯ ವಿಷಯವನ್ನು ಅವಳು ಇಪ್ಪತ್ತಮೂರು ವರ್ಷವೂ ಕನ್ನಡದಲ್ಲಿಯೇ ಎತ್ತಿದ್ದಾಳೆ. ಒಂದು ದಿನವೂ ಅವಳನ್ನು ಮುಟ್ಟಿದವಳಲ್ಲ, ಹೆಸರು ಹೇಳಿದವಳಲ್ಲ. "ನಿಮ್ಮಾಕಿ ಲದ್ದಿ ಹಾಕ್ಯಾಳ, ಹೋಗ್ರಿ" ಎನ್ನುತ್ತಿದ್ದಳು.

ಈ ಸಲ ಚಳಿ ಮುಗಿಯುವ ಹೊತ್ತಿಗೆ ಶಹಜಾದಿ ಇಳಿಯತೊಡಗಿದಳು. ಬೆನ್ನಿನ ಗೆರೆ ಎದ್ದು ಕಂಡಿತು, ಪಕ್ಕೆಲುಬು ಒಂದೊಂದಾಗಿ ಹೊರಗೆ ಬಂದವು. ಮೇವು ಹಾಕಿದರೆ ಗಂಟೆಗಟ್ಟಲೆ ಅಗಿಯುತ್ತಾಳೆ, ಮೈಗೆ ಮಾತ್ರ ಹತ್ತುವುದಿಲ್ಲ. ನಾನು ತಜ್ಞನಲ್ಲವೇ. ಹೋಗಿ ತುಟಿ ಎತ್ತಿ ನೋಡಿದೆ. ಮೇಲೆ ಆರು, ಕೆಳಗೆ ಆರು, ಹನ್ನೆರಡೂ ಹಲ್ಲು ಹಾಜರ್; ಉದ್ದವಾಗಿ ಹಳದಿಯಾಗಿವೆ, ಮುಂದಕ್ಕೆ ಚಾಚಿವೆ, ಆ ವಯಸ್ಸಿಗೆ ಅದೇ ಸರಿ. ಹಲ್ಲಿನಲ್ಲಿ ದೋಷವಿಲ್ಲ ಎಂದು ಅಲ್ಲಿಯೇ ತೀರ್ಪು ಕೊಟ್ಟೆ. ಹಲ್ಲಿನಲ್ಲಿ ದೋಷವಿಲ್ಲದಿದ್ದರೆ ದೃಷ್ಟಿದೋಷವೇ ಇರಬೇಕು. ನಿಂಬೆಹಣ್ಣು ಇಳಿಸಿದೆ. ದರ್ಗಾಕ್ಕೆ ಹೋಗಿ ತಾಯಿತ ಮಾಡಿಸಿ ತಂದೆ. ಹಳೆಯ ಗೆಳೆಯನೊಬ್ಬ ಹುಲಿಗಿಯಿಂದ ಭಂಡಾರ ತಂದುಕೊಟ್ಟ, ಅದನ್ನೂ ಹಚ್ಚಿದೆ. ಕೊರಳಲ್ಲಿ ತಾಯಿತ, ಹಣೆಯ ಮೇಲೆ ಭಂಡಾರ, ಎರಡೂ ಕಡೆಯ ಬಂದೋಬಸ್ತು ಮುಗಿದರೂ ಅವಳು ಮೈ ಹಿಡಿಯಲಿಲ್ಲ.

ಅಷ್ಟರಲ್ಲಿ ನವಲಿಯಿಂದ ಮಾಜೀದ ಬಂದ. ಕಾಲುವೆ ನೀರಿನಲ್ಲಿ ಬತ್ತ ಬೆಳೆಯುವವನು, ಮೈಕೈ ತುಂಬಿಕೊಂಡವನು, ತೆಳ್ಳಗಿರುವುದನ್ನು ಕಂಡರೆ ಮರುಗುವವನು. ಹಿತ್ತಲಿಗೆ ಹೋಗಿ ನೋಡಿ ಬಂದು ನನ್ನ ಪಕ್ಕ ಕುಳಿತ.

"ದುಲ್ಹಾಭಾಯಿ," ಎಂದ. (ಅಕ್ಕನ ಗಂಡನನ್ನು ನಮ್ಮವರು ಕರೆಯುವುದು ಹಾಗೆ.) "ಇಲ್ಲಿ ಇಟ್ಕೊಂಡು ಯಾಕ ಒಣಗಸ್ತೀರಿ ಅದನ್ನ. ನಮ್ಮಲ್ಲಿಗೆ ಕಳಸ್ರಿ. ಬತ್ತದ ಹುಲ್ಲು ಗುಡ್ಡ ಬಿದ್ದೈತಿ. ತಿನ್ಕೋತ ಬಿದ್ದಿರತೈತಿ."

ಶಹಜಾದಿಯನ್ನು ಅವನು 'ಅದು' ಎಂದದ್ದೇ ನನಗೆ ಸೇರಲಿಲ್ಲ. ಒಳಗಿನಿಂದ ತಾಜಬೀ, ಛಲೋ ಮಾತು, ಒಯ್ಯೋ ತಮ್ಮಾ ಎಂದಳು. ಇಪ್ಪತ್ತಮೂರು ವರ್ಷ ನಾನು ಬೆಳಿಗ್ಗೆ ಎದ್ದು ಮೊದಲು ನೋಡಿದ ಮುಖ ಶಹಜಾದಿಯದು. (ತಾಜಬೀ ನನಗಿಂತ ಮೊದಲು ಏಳುತ್ತಾಳೆ, ಅವಳ ಮುಖ ಸಿಗುವುದು ಚಹಾದ ಹೊತ್ತಿಗೆ.) ಕುದುರೆಯಿಲ್ಲದ ಹಿತ್ತಲನ್ನು ನೆನೆಸಿಕೊಂಡರೆ ನನಗೆ ಅಳುವೇ ಬರುವಂತಾಯಿತು. ಆದರೆ ಟಾಂಗಾ ಹೊಡೆದ ಗಂಡಸು ಭಾವಮೈದುನನ ಎದುರು ಅಳುವುದು ಹೇಗೆ. ಕೆಮ್ಮಿದೆ. ಕೆಮ್ಮಿ, ಅವಧಿ ಕೇಳಿದೆ. ಕೊನೆಗೆ ಮೂರು ವಾರಕ್ಕೆ ಒಪ್ಪಂದವಾಯಿತು. ಮೂರು ವಾರದ ನಂತರದ ಭಾನುವಾರ ಮಾಜೀದ ಟೆಂಪೋ ತರುತ್ತಾನೆ. ಅಷ್ಟರೊಳಗೆ ಅವಳ ಮೈ ತುಂಬಿದರೆ ಇಲ್ಲಿ, ಇಲ್ಲದಿದ್ದರೆ ನವಲಿಗೆ. ತುಂಬಿದೆಯೋ ಇಲ್ಲವೋ ನಿರ್ಧರಿಸುವವಳು ತಾಜಬೀ. ಅಡಿಗೆಮನೆಯ ಕಿಟಕಿಯಿಂದ ಶೆಡ್ಡು ನೇರ ಕಾಣುತ್ತದೆ.

"ಇಲ್ಲಿ ನಿಂತು ನೋಡಿದ್ರ ಎಲುವು ಎಣಸಾಕ ಬರಬಾರದು," ಎಂದು ಅವಳು ಷರತ್ತು ಹಾಕಿದಳು. "ಈಗ ಎಣಸಿದ್ರ ಹದಿನಾಲ್ಕು ಕಾಣ್ತಾವು."

ನಾನು ಮರುದಿನದಿಂದಲೇ ಪುಷ್ಟಿಕರ ಯೋಜನೆಗೆ ಇಳಿದೆ. ಜೋಳದ ಒಣ ದಂಟಿನ ಗಟ್ಟಿ ಕಣಿಕೆ ತಂದೆ, ಮೊದಲಿಗಿಂತ ಎರಡು ಪಟ್ಟು ಹಾಕಿದೆ. ಒಣ ಹುಲ್ಲಿನ ಕಟ್ಟು ಬಿಚ್ಚಿದೆ. ಅವಳು ಪಾಪ ಅಗಿದಳು, ಅಗಿದಳು, ದಿನವಿಡೀ ಅಗಿದಳು. ನಾಲ್ಕು ದಿನಕ್ಕೆ ಹದಿನೈದನೆಯ ಎಲುಬು ಕಂಡಿತು.

ಐದನೆಯ ದಿನ ಬೆಳಿಗ್ಗೆ ತಾಜಬೀ ಹಿತ್ತಲು ಗುಡಿಸುತ್ತಿದ್ದವಳು ಒಂದು ಮೊರ ತಂದು ನನ್ನ ಮುಂದೆ ಹಿಡಿದಳು. ಅದರಲ್ಲಿ ಹಸಿಹಸಿಯಾದ ಏಳೆಂಟು ಮೇವಿನ ಉಂಡೆಗಳು. ಅಗಿದು, ನುಂಗದೆ, ಬಾಯಿಂದ ಬಿಟ್ಟವು.

"ಇವು ದಿನಾ ಬಿದ್ದಿರತಾವು," ಎಂದಳು. "ನಮ್ಮತ್ತಿ ಕಡೀ ದಿನದಾಗ ಎಲಿ ಅಡಕಿ ಹಾಕ್ಕೊಂಡು ಹಿಂಗ ತೆಗೆದು ಇಡ್ತಿದ್ರು. ಇದು ಹಲ್ಲಿಲ್ಲದವ್ರ ಕೆಲಸ."

ನನಗೆ ನಗು ಬಂತು. ಅಡಿಗೆಮನೆಯಿಂದ ಬಂದು ನನಗೆ ಕುದುರೆಯ ಹಲ್ಲು ಹೇಳಿಕೊಡುವುದೆಂದರೇನು. ಅವಳನ್ನು ಕೂರಿಸಿ, ಕುದುರೆಯ ಹಲ್ಲು ಎಷ್ಟು ವರ್ಷಕ್ಕೆ ಬೀಳುತ್ತದೆ, ಯಾವ ಗುರುತು ಯಾವಾಗ ಅಳಿಯುತ್ತದೆ, ನನ್ನ ಅಜ್ಜ ಯಾವ ಜಾಗೀರದಾರರ ಕುದುರೆಗೆ ವಯಸ್ಸು ಹೇಳಿದ್ದ ಎಂದೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಎದ್ದು, ಪಕ್ಕದ ಮನೆಯ ರೇಣುಕಮ್ಮನ ಎಮ್ಮೆಗೆ ಸೂಜಿ ಹಾಕಲು ಬಂದಿದ್ದ ದನದ ಡಾಕ್ಟರು ಶೋಭಾರಾಣಿಯವರನ್ನು ಕೈಹಿಡಿದು ಕರೆತಂದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. (ಇಪ್ಪತ್ತೊಂಬತ್ತು. ಅಭ್ಯಾಸಬಲ.) ಶಹಜಾದಿಯ ಕೊರಳು ತಟ್ಟಿ ಮಾತಾಡಿಸಿ, ನಾಲಿಗೆಯನ್ನು ಒಂದು ಬದಿಗೆ ಎಳೆದು ಹಿಡಿದು, ನನ್ನ ಕೈಗೆ ಬ್ಯಾಟರಿ ಕೊಟ್ಟು ಒಳಗೆ ಬೆಳಕು ಬಿಡಲು ಹೇಳಿದರು. ನಾನು ನನ್ನ ಜೀವಮಾನದಲ್ಲಿ ಯಾವ ಕುದುರೆಯ ಬಾಯಲ್ಲೂ ಅಷ್ಟು ಹಿಂದಕ್ಕೆ ನೋಡಿದವನಲ್ಲ. ಅಪ್ಪನೂ ನೋಡಿರಲಿಲ್ಲ, ಅಜ್ಜನೂ ನೋಡಿರಲಿಲ್ಲ. ಕೊಡುವ ಕೊಳ್ಳುವ ವ್ಯವಹಾರಕ್ಕೆ ವಯಸ್ಸು ಬೇಕು, ವಯಸ್ಸು ಮುಂದಿನ ಹಲ್ಲಿನಲ್ಲಿರುತ್ತದೆ. ಹಿಂದೆ ಏನಿದೆ ಎಂದು ನಮ್ಮ ಮನೆತನದಲ್ಲಿ ಯಾರೂ ಕೇಳಿರಲಿಲ್ಲ.

"ಕಾಕಾರ," ಎಂದರು ಡಾಕ್ಟರಮ್ಮ, "ಮುಂದಿನ ಹಲ್ಲು ಬರೇ ಹುಲ್ಲು ಕತ್ತರಸಾಕ. ಬೀಸೋ ಕಲ್ಲು ಹಿಂದಿರತೈತಿ. ಈಕಿಗೆ ಮ್ಯಾಲೆ ಎಡಕ್ಕ ಮೂರು ದವಡಿ ಹಲ್ಲಿಲ್ಲ, ಕೆಳಗ ಬಲಕ್ಕ ಎರಡಿಲ್ಲ. ಇದ್ದವು ಸವದು ನುಣ್ಣಗ ಆಗ್ಯಾವು. ಕಣಿಕಿ ಹ್ಯಾಂಗ ತಿಂತಾಳ್ರಿ?"

ಅವಳು ಹಸಿದುಕೊಂಡೇ ಇದ್ದಳು. ದಿನವೂ ನಾನು ಗೋದಲಿ ತುಂಬ ಮೇವು ಹಾಕಿ, ಮೈ ತಟ್ಟಿ, ತಿನ್ನು ಎಂದು ಹೇಳಿ ಬರುತ್ತಿದ್ದೆ. ಅವಳು ನನ್ನ ಮಾತಿಗೆ ಅಗಿದು ಅಗಿದು ಉಗುಳುತ್ತಿದ್ದಳು. ನನಗೆ ನಿಜವಾಗಿ ನಾಚಿಕೆಯಾಯಿತು.

ತಾಜಬೀಗೆ ಮಾತ್ರ ಬಹುದಿನದ ಮೇಲೆ ಒಳ್ಳೆಯ ಅವಕಾಶ ಸಿಕ್ಕಿತ್ತು. "ನಲವತ್ತು ವರ್ಷ ಬರೇ ಬಾಗಿಲಾ ನೋಡಿ ಮನಿ ಭಾಳ ಛಲೋ ಐತಿ ಅಂತ ಹೇಳ್ಕೋತ ಬಂದಾರ್ರಿ ಇವ್ರು," ಎಂದು ಡಾಕ್ಟರಿಗೆ ಹೇಳಿದಳು. ಕನ್ನಡದಲ್ಲಿಯೇ ಹೇಳಿದಳು. ಗೋಡೆಯಾಚೆ ರೇಣುಕಮ್ಮ ನಕ್ಕದ್ದು ಕೇಳಿಸಿತು.

ಡಾಕ್ಟರಮ್ಮ ವಿಧಿ ಹೇಳಿದರು. ಒಣ ಮೇವು ಬಂದ್. ಏನು ಕೊಟ್ಟರೂ ನೆನೆಸಿ, ಬೇಯಿಸಿ, ಮೆತ್ತಗೆ ಮಾಡಿ ಕೊಡಬೇಕು. ಹುರುಳಿ, ಬೂಸಾ, ಸಣ್ಣಗೆ ಹೆಚ್ಚಿದ ಎಳೆಯ ಹಸಿ ಹುಲ್ಲು. ಒಮ್ಮೆಲೆ ಬೇಡ, ಸ್ವಲ್ಪ ಸ್ವಲ್ಪ, ದಿನಕ್ಕೆ ಐದು ಸಲ. ಅಕ್ಕಿ ತೌಡು ಸಿಕ್ಕರೆ ಮೈ ಬೇಗ ತುಂಬುತ್ತದೆ, ಆದರೆ ತಾಜಾ ಇರಬೇಕು, ಹೊಟ್ಟು ಇರಬಾರದು. ಒಣಗಿದ್ದು ಗಂಟಲಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಇದನ್ನು ಅವರು ನನ್ನ ಕಡೆ ನೋಡಿ ಎರಡು ಸಲ ಹೇಳಿದರು.

ನನ್ನ ಕುದುರೆಗೆ ನಾನೇ ಉಣಿಸುತ್ತೇನೆ, ಯಾರ ಹಂಗೂ ಬೇಡ ಎಂದು ನಾನು ಘೋಷಿಸಿದೆ. ತಾಜಬೀ ತಡೆಯಲಿಲ್ಲ. ರೇಣುಕಮ್ಮನ ಮನೆಗೆ ಹಪ್ಪಳ ಮಾಡಲು ಹೋದಳು. ಬೀಸುವ ಕಲ್ಲಿಲ್ಲ ಎಂದಲ್ಲವೇ ಡಾಕ್ಟರು ಹೇಳಿದ್ದು. ನಮ್ಮ ಅಡಿಗೆಮನೆಯಲ್ಲಿ ಸಾಕ್ಷಾತ್ ಬೀಸುವ ಯಂತ್ರವೇ ಇತ್ತು, ಮಗಳು ನಾಹೀದಾ ರಂಜಾನಿಗೆ ತಂದುಕೊಟ್ಟ ಮಿಕ್ಸಿ. ಕಣಿಕೆಯನ್ನು ಕೊಡಲಿಯಿಂದ ಕೊಚ್ಚಿ ತುಂಡು ಮಾಡಿ, ಒಳಗೆ ತುರುಕಿ, ಗುಂಡಿ ತಿರುಗಿಸಿದೆ. ಮೊದಲ ಸಲ ಅದು ಕೂಗಿತು. ಎರಡನೆಯ ಸಲ ಕಿರುಚಿತು. ಮೂರನೆಯ ಸಲ ಬರೀ ಹೊಗೆ ಬಿಟ್ಟಿತು. ನಾನು ಅದನ್ನು ಒರೆಸಿ, ಮೊದಲಿದ್ದ ಜಾಗದಲ್ಲಿ ಇಟ್ಟು, ಅದರ ಮೇಲೆ ಕಸೂತಿಯ ಬಟ್ಟೆಯನ್ನೂ ಮುಚ್ಚಿದೆ.

ಮನೆಯ ಯಂತ್ರ ಸಣ್ಣದಾಯಿತು, ದೊಡ್ಡ ಯಂತ್ರ ಬೇಕು ಎಂಬುದು ನನ್ನ ಮುಂದಿನ ಸಂಶೋಧನೆ. ಕುದುರೆಮೆಂತೆ ಎಂಬ ಮೇವಿನ ಒಣಗಿದ ಸೊಪ್ಪನ್ನು ಚೀಲದಲ್ಲಿ ತುಂಬಿಕೊಂಡು ಹುಲಿಗೆಪ್ಪನ ಹಿಟ್ಟಿನ ಗಿರಣಿಗೆ ಹೋದೆ. ಚೀಲದಲ್ಲಿ ಏನಿದೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಹಿಂದೆ ಸಾಲಿನಲ್ಲಿದ್ದವರ ಗೋಧಿ ಹಸಿರಾಗಿ ಇಳಿಯಿತು, ಅವರ ಹಿಂದಿನವರ ಜೋಳ ತಿಳಿಹಸಿರು. ಈಗ ಆ ಗಿರಣಿಯ ಮುಂದೆ "ಇಲ್ಲಿ ಮನುಷ್ಯರು ತಿನ್ನುವ ಕಾಳು ಮಾತ್ರ ಬೀಸಿಕೊಡಲಾಗುವುದು" ಎಂದು ಬೋರ್ಡು ಇದೆ. ಆ ಹಿಟ್ಟನ್ನು ಶಹಜಾದಿಯ ಮುಂದೆ ಇಟ್ಟಾಗ ಅವಳು ಒಮ್ಮೆ ಮೂಸಿ ಸೀನಿದಳು. ಅರ್ಧ ಹಿಟ್ಟು ನನ್ನ ಮುಖದ ಮೇಲೆ ಬಂತು.

ಉಳಿದದ್ದು ಬೇಯಿಸುವ ಮಾರ್ಗ. ಈದಿನ ಬಿರಿಯಾನಿಗೆ ಮಾತ್ರ ಹೊರಗೆ ಬರುವ, ತಾಜಬೀ ತವರಿನಿಂದ ತಂದ ತಾಮ್ರದ ದೊಡ್ಡ ಹಂಡೆ, ದೇಗು, ಅಟ್ಟದ ಮೇಲಿತ್ತು. ಅದರಲ್ಲಿ ಹುರುಳಿ ಹಾಕಿ ಒಲೆಯ ಮೇಲಿಟ್ಟು, ಐದು ನಿಮಿಷ ಕಟ್ಟೆಯ ಮೇಲೆ ಕುಳಿತೆ. ಅಷ್ಟರಲ್ಲಿ ಪರಿಚಯದವರು ಒಬ್ಬರು ಬಂದರು. ಹಳೆಯ ಕುದುರೆಯೊಂದರ ಮಾತು ಬಂತು. ವಾಸನೆ ಗೋಡೆಯಾಚೆ ರೇಣುಕಮ್ಮನ ಮನೆಗೆ ಹೋಗಿ ತಾಜಬೀಯನ್ನು ಕರೆತಂದಿತು. ನಾನೂ ಓಡಿಬಂದು ಒಲೆಯ ಮುಂದೆ ಕುಳಿತೆ. ದೇಗಿನ ತಳ ನೋಡಿದಳು. ಮಿಕ್ಸಿಯ ಮೇಲಿನ ಬಟ್ಟೆ ಎತ್ತಿ ನೋಡಿದಳು. ನನ್ನ ತಲೆಗೂದಲಲ್ಲಿ ಇನ್ನೂ ಉಳಿದಿದ್ದ ಹಸಿರು ಹಿಟ್ಟು ನೋಡಿದಳು.

"ಏಳ್ರಿ, ಒಲಿ ಮುಂದಿಂದ ಏಳ್ರಿ," ಎಂದಳು. "ನೀವು ಮಾಡೋದು ನೋಡಿದ್ರ ಮೂರು ವಾರ ಹೋಗ್ಲಿ, ಮೂರು ದಿನಾ ಉಳಿಯಂಗಿಲ್ಲ ಆ ಬಡಜೀವ."

ಅಂದಿನಿಂದ ಅಡಿಗೆ ಅವಳ ಕೈಗೆ ಹೋಯಿತು. ಮೊದಲ ದಿನ ಬಕೀಟನ್ನು ಒಂದು ಮಾರು ದೂರ ಹಿಡಿದು, ಮೂಗಿಗೆ ಸೆರಗು ಮುಚ್ಚಿಕೊಂಡು ಹೋಗಿ ಇಟ್ಟು ಬಂದಳು. ಕಿಟಕಿಯಲ್ಲಿ ನಿಂತು ನೋಡಿದಳು. ಶಹಜಾದಿ ಮೂಸಿ, ತುಟಿ ತಗುಲಿಸಿ, ಆಮೇಲೆ ಬಕೀಟಿನೊಳಗೆ ಮುಖ ಇಟ್ಟವಳು ತಳ ಕಾಣುವತನಕ ಎತ್ತಲಿಲ್ಲ. ಬಾಯಿಂದ ಒಂದು ಉಂಡೆಯೂ ಬೀಳಲಿಲ್ಲ. ಯಾವ ಹೆಂಗಸಿಗಾದರೂ ತಾನು ಮಾಡಿದ್ದನ್ನು ಹೀಗೆ ಉಂಡವರ ಮೇಲೆ ಕೋಪ ಉಳಿಯುವುದು ಕಷ್ಟ. ಎರಡನೆಯ ದಿನ ಅವಳು ಪಕ್ಕದಲ್ಲಿಯೇ ನಿಂತಳು. ನಾಲ್ಕನೆಯ ದಿನ ಸ್ಟೂಲು ಹಾಕಿಕೊಂಡು ಕುಳಿತಳು. ಒಂದು ವಾರ ಕಳೆದ ಮೇಲೆ ನಾನು ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದ್ದು ನನ್ನ ಕಿವಿಯನ್ನೇ ನಂಬಲಾಗದಂಥದ್ದು. "ಖಾ ಬೇಟಿ, ಧೀರೇ ಖಾ," ಎನ್ನುತ್ತಿದ್ದಳು ತಾಜಬೀ. ತಿನ್ನು ಮಗಳೇ, ನಿಧಾನ ತಿನ್ನು. ದಖನಿಯಲ್ಲಿ. ಬೈಯುವ ಭಾಷೆ ಪೂರ್ತಿ ನನ್ನ ಪಾಲಿಗೆ ಉಳಿಯಿತು, ಮನೆಮಾತು ಶಹಜಾದಿಯ ಪಾಲಾಯಿತು.

ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಜೊತೆಗೆ ಸ್ವಲ್ಪ ಹೊಟ್ಟೆಯುರಿಯೂ ಆಯಿತು. ಸುಳ್ಳು ಯಾಕೆ ಹೇಳಲಿ. ಇಪ್ಪತ್ತಮೂರು ವರ್ಷ ನನ್ನ ಹೆಜ್ಜೆಯ ಸಪ್ಪಳಕ್ಕೆ ತಲೆ ಎತ್ತುತ್ತಿದ್ದವಳು ಈಗ ಬಕೀಟಿನ ಸಪ್ಪಳಕ್ಕೆ ಎತ್ತುತ್ತಾಳೆ.

ಟಾಂಗಾ ಹೊಡೆಯುವವರಲ್ಲಿ ಒಂದು ಪದ್ಧತಿಯಿದೆ. ಕುದುರೆಯ ಹತ್ತಿರ ಬರಿಗೈಯಲ್ಲಿ ಹೋಗಬಾರದು. ಸವಾರಿ ಮುಗಿಸಿ ಜೀನು ಬಿಚ್ಚಿದ ಮೇಲೆ ಒಂದು ಹಿಡಿ ಹುರಿದ ಕಡಲೆಯನ್ನು ಅಂಗೈ ಮೇಲೆ ಇಟ್ಟು ತಿನಿಸಬೇಕು. ಅದು ಅವಳ ಹಕ್ಕು. ಅಪ್ಪ ಸಾಯುವಾಗಲೂ ಅವನ ಅಂಗಿಯ ಜೇಬಿನಲ್ಲಿ ಕಡಲೆ ಇತ್ತು. ಟೆಂಪೋ ಬರಲು ಐದು ದಿನ ಉಳಿದಾಗ, ತಾಜಬೀ ನಮಾಜಿಗೆ ಕುಳಿತ ಹೊತ್ತು ನೋಡಿ, ನಾನು ಶೆಡ್ಡಿಗೆ ಹೋದೆ. ಒಂದೇ ಹಿಡಿ. ಒಂದು ಹಿಡಿಯಲ್ಲಿ ಏನಾಗುತ್ತದೆ ಎಂದುಕೊಂಡೆ. ಶಹಜಾದಿ ನನ್ನ ಅಂಗೈಯಿಂದ ಅಷ್ಟನ್ನೂ ಬಾಚಿಕೊಂಡಳು. ಹಳೆಯ ಸಲುಗೆ ಮರಳಿ ಬಂತೆಂದು ನಾನು ಅವಳ ಕೊರಳಿಗೆ ಹಣೆ ಹಚ್ಚಿ ನಿಂತೆ.

ಕೊರಳು ಬಿಗಿಯಾಯಿತು. ಅವಳು ಕತ್ತು ಉದ್ದ ಮಾಡಿ, ಬಾಯಿ ತೆರೆದು, ಕೆಮ್ಮಲೂ ಆಗದೆ ಒದ್ದಾಡಿದಳು. ಮೂಗಿನಿಂದ ನೊರೆ ಬಂತು, ನೊರೆಯಲ್ಲಿ ಕಡಲೆಯ ಚೂರು. ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ತಾಜಬೀ ಓಡಿಬಂದಳು, ಡಾಕ್ಟರಮ್ಮನಿಗೆ ಫೋನು ಹಚ್ಚಿದಳು, ಅವರು ಹೇಳಿದಂತೆ ನೀರನ್ನೂ ಮೇವನ್ನೂ ದೂರ ಸರಿಸಿ, ಶಹಜಾದಿಯ ತಲೆಯನ್ನು ಕೆಳಗೆ ಇಳಿಸಿ ಹಿಡಿದು, ಕೊರಳಿನ ಎಡಗಡೆ ಮೆಲ್ಲಗೆ ನೀವುತ್ತ ನಿಂತಳು. ನಾನು ಹಗ್ಗ ಹಿಡಿದಿದ್ದೆ. ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ನಾನು ಅಲ್ಲಾನಿಗೂ ಹುಲಿಗೆಮ್ಮನಿಗೂ ಕೊಟ್ಟ ಮಾತುಗಳನ್ನು ಈಡೇರಿಸಲು ಇನ್ನೊಂದು ಜನ್ಮ ಬೇಕು. ಡಾಕ್ಟರಮ್ಮ ಗಾಡಿ ಇಳಿದು ಒಳಗೆ ಬರುವ ಹೊತ್ತಿಗೆ ಶಹಜಾದಿ ಒಮ್ಮೆ ದೊಡ್ಡದಾಗಿ ನುಂಗಿ, ಮೈ ಕೊಡವಿ, ನೆಟ್ಟಗೆ ನಿಂತಳು.

ಏನು ತಿಂದಿದ್ದಳು ಎಂದು ಡಾಕ್ಟರಮ್ಮ ಕೇಳಿದರು. ಹುರುಳಿ ಗಂಜಿ ಬಿಟ್ಟರೆ ಏನೂ ಕೊಟ್ಟಿಲ್ಲ ಎಂದು ತಾಜಬೀ ಹೇಳಿದಳು. ನಾನು ಆಕಾಶ ನೋಡುತ್ತಿದ್ದೆ. ಆಗ ಶಹಜಾದಿ ಎರಡು ಹೆಜ್ಜೆ ಮುಂದೆ ಬಂದು, ಎಲ್ಲರ ಎದುರು, ನನ್ನ ಅಂಗಿಯ ಜೇಬಿಗೆ ಮೂತಿ ತೂರಿಸಿ ಇನ್ನೂ ಇದೆಯೇ ಎಂದು ಹುಡುಕಿದಳು.

ತಾಜಬೀ ಬೈಯಲಿಲ್ಲ. ನನಗೆ ಭಯವಾದದ್ದು ಅದಕ್ಕೆ. ಒಳಗೆ ಹೋಗಿ ಅಡಿಗೆಮನೆಯಲ್ಲಿ ಕುಳಿತು ಅತ್ತಳು. ನಾನು ಹೊಸ್ತಿಲಲ್ಲಿ ನಿಂತು, ತಪ್ಪಾಯಿತು ಎಂದೆ. ಮದುವೆಯಾದ ಮೇಲೆ ಅವಳ ಎದುರು ಆ ಮಾತನ್ನು ನಾನಾಗಿಯೇ ಹೇಳಿದ್ದು ಅದೇ ಮೊದಲು.

ಭಾನುವಾರ ಬಂತು. ಹತ್ತು ಗಂಟೆಗೆ ಮಾಜೀದನ ಟೆಂಪೋ ಬಾಗಿಲಿಗೆ ಬಂದು ನಿಂತಿತು. ಹಿಂದುಗಡೆ ಬತ್ತದ ಹುಲ್ಲು ಮೆತ್ತಗೆ ಹಾಸಿದ್ದ. ಕುದುರೆ ಹತ್ತಲೆಂದು ಅಗಲವಾದ ಹಲಗೆ ತಂದಿದ್ದ. ಕಡಲೆಯ ಪ್ರಕರಣದ ಮೇಲೆ ಶಹಜಾದಿಗೆ ಒಂದೂವರೆ ದಿನ ತೆಳ್ಳನೆಯ ಗಂಜಿ ಮಾತ್ರ. ಬಂದ ಮಾಂಸ ಸ್ವಲ್ಪ ಇಳಿದಿತ್ತು. ನಾನು ಬೆಳಿಗ್ಗೆ ಅಡಿಗೆಮನೆಯ ಕಿಟಕಿಯಿಂದ ಗುಟ್ಟಾಗಿ ಎಣಿಸಿದ್ದೆ. ಐದು ಕಂಡಿದ್ದವು. ಷರತ್ತು ಷರತ್ತೇ.

ತಾಜಬೀ ತಮ್ಮನನ್ನು ಅದೇ ಕಿಟಕಿಗೆ ಕರೆದೊಯ್ದು, ಎಣಿಸು ಎಂದಳು. ಅವನು ಐದು ಎಂದ.

"ಕಣ್ಣು ಸರಿ ತೆರದು ನೋಡು."

"ಐದ ಅದಾವು ಆಪಾ."

"ನಾ ಬಕೀಟು ಹಿಡಿಯೋಕಿಂತ ಮೊದಲ ಹದಿನೈದಿದ್ದವು," ಎಂದಳು ತಾಜಬೀ. "ಹತ್ತು ಮುಚ್ಚೀನಿ. ಉಳದ ಐದು ನಾ ಮುಚ್ಚತೀನಿ. ನಿನ್ನ ಹುಲ್ಲಿನ ಗುಡ್ಡ ತಗೊಂಡು ಹಲ್ಲಿಲ್ಲದಾಕಿ ಏನ್ ಮಾಡ್ತಾಳೋ? ಶಹಜಾದಿ ಎಲ್ಲೂ ಹೋಗಂಗಿಲ್ಲ."

ಅವಳ ಬಾಯಲ್ಲಿ ಆ ಹೆಸರನ್ನು ನಾನು ಮೊದಲ ಸಲ ಕೇಳಿದೆ. ಈ ಸಲ ಕೆಮ್ಮಲಿಲ್ಲ. ಭಾವಮೈದುನ ನೋಡಿದರೆ ನೋಡಲಿ ಎಂದು ವಸ್ತ್ರದಿಂದ ಕಣ್ಣು ಒರೆಸಿಕೊಂಡೆ. ಹೆಂಡತಿಯ ದೊಡ್ಡತನದ ಬಗ್ಗೆ ನಾಲ್ಕು ಮಾತಾಡಬೇಕೆಂದು ಗಂಟಲು ಸರಿಪಡಿಸಿಕೊಳ್ಳುತ್ತಿದ್ದೆ. ಮಾಜೀದ, ಅಷ್ಟು ದೂರದಿಂದ ಬಂದ ಗಾಡಿ ಖಾಲಿ ಹೋಗಬೇಕಲ್ಲ ಎಂದು ಪೇಚಾಡಿದ.

"ಖಾಲಿ ಯಾಕ ಹೋಗತೈತಿ," ಎಂದಳು ತಾಜಬೀ, ಬಾಗಿಲ ಹಿಂದಿನಿಂದ ಒಂದು ಚೀಲ ತಂದು ನನ್ನ ಮುಂದೆ ಇಟ್ಟು.

ಚೀಲದಲ್ಲಿ ನನ್ನ ಎರಡು ಲುಂಗಿ, ಮೂರು ಅಂಗಿ, ಬಿ.ಪಿ. ಗುಳಿಗೆ ಮತ್ತು ಒಂದು ಸಣ್ಣ ಕಣ್ಣಿನ ಜರಡಿ ಇದ್ದವು. ಆಜ್ಞೆ ಹೀಗಿತ್ತು. ನವಲಿಯಲ್ಲಿ ಮಾಜೀದನ ಹೊಲದ ಪಕ್ಕದಲ್ಲಿಯೇ ಅಕ್ಕಿ ಗಿರಣಿ. ಅಲ್ಲಿ ತೌಡು ಅಂದಂದಿನದು ಸಿಗುತ್ತದೆ. ತೌಡು ಇಟ್ಟರೆ ಎರಡು ದಿನಕ್ಕೆ ಕಮಟು ವಾಸನೆ ಹಿಡಿಯುತ್ತದೆ, ಆದ್ದರಿಂದ ಒಮ್ಮೆಲೆ ತಂದು ಪ್ರಯೋಜನವಿಲ್ಲ. ಅಲ್ಲಿಯೇ ಇದ್ದು, ದಿನವೂ ಹೊಸದನ್ನು ಜರಡಿ ಹಿಡಿದು, ಹೊಟ್ಟಿನ ಒಂದು ಚೂರೂ ಇಲ್ಲದಂತೆ ಸೋಸಿ, ಬೆಳಗಿನ ಬಸ್ಸಿನಲ್ಲಿ ಕಳಿಸುವ ವ್ಯಕ್ತಿ ಬೇಕು. ಕೆಲಸವಿಲ್ಲದ, ಕುದುರೆಯ ಮೇಲೆ ಪ್ರೀತಿಯಿರುವ ವ್ಯಕ್ತಿ.

ನಾನು ನನ್ನ ವಯಸ್ಸು, ನನ್ನ ಮನೆತನ, ಓಣಿಯಲ್ಲಿ ನನಗಿರುವ ಮರ್ಯಾದೆ ಎಲ್ಲವನ್ನೂ ಮುಂದಿಟ್ಟೆ. ಅವಳು ಕೇಳಿಸಿಕೊಳ್ಳುತ್ತಲೇ ನನ್ನ ಜೇಬುಗಳನ್ನು ಒಂದೊಂದಾಗಿ ಹೊರಗೆ ಎಳೆದು ಕೊಡವಿದಳು.

"ಆಕಿ ಮೈ ತುಂಬೋ ತನಕ ನೀವು ದೂರ ಇದ್ರ ಛಲೋ," ಎಂದಳು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಗುಳಿಗಿ ಮರೀಬ್ಯಾಡ್ರಿ," ಎಂದಳು.

ಮುಂದೆ ಮಾಜೀದನ ಪಕ್ಕದಲ್ಲಿ ಅವನು ಬಜಾರಿನಲ್ಲಿ ತೆಗೆದುಕೊಂಡ ಪಂಪಿನ ಸಾಮಾನು ಕೂತಿತ್ತು. ಹಿಂದೆ ಹತ್ತಬೇಕಾಯಿತು. ಕುದುರೆಗೆಂದು ಇಟ್ಟ ಹಲಗೆಯ ಮೇಲೆ ನಾನು ನಡೆದು, ಕುದುರೆಗೆಂದು ಹಾಸಿದ ಹುಲ್ಲಿನ ಮೇಲೆ ನಿಂತೆ. ಬಿದ್ದೀರಿ ಎಂದು ಮಾಜೀದ ಹಿಂದಿನ ಸರಪಳಿಯನ್ನೂ ಹಾಕಿದ. ಮನೆಯ ಪಕ್ಕದ ಸಂದಿಯಿಂದ ಹಿತ್ತಲಿನ ಶಹಜಾದಿ ಕಾಣುತ್ತಿದ್ದಳು, ಬಕೀಟಿನಲ್ಲಿ ಮುಖ. ನಾನು ಹೆಸರು ಹಿಡಿದು ಕರೆದೆ. ಕಿವಿ ಅಲ್ಲಾಡಿಸಿದಳು, ಅಷ್ಟೇ. ಉಣ್ಣುವಾಗ ತಲೆ ಎತ್ತುವುದನ್ನು ಅವಳಿಗೆ ತಾಜಬೀ ಬಿಡಿಸಿದ್ದಳು.

ಇಲ್ಲಿಗೆ ಬಂದು ಇಂದಿಗೆ ಒಂಬತ್ತು ದಿನ. ಸುಳ್ಳು ಹೇಳಲಾರೆ, ಆರಾಮಾಗಿದ್ದೇನೆ. ಗಿರಣಿಯ ನೆರಳಲ್ಲಿ ಚೀಲದ ಮೇಲೆ ಕುಳಿತು ಜರಡಿ ಆಡಿಸುತ್ತೇನೆ. ಸುತ್ತ ಹಸಿರು, ಕಾಲುವೆಯ ಗಾಳಿ. ಹುಬ್ಬು ಮೀಸೆಯೆಲ್ಲ ತೌಡು. ಮಾಜೀದನ ಹೆಂಡತಿ ಹಸೀಬಾ ಬಿಸಿ ಅನ್ನ ಕಳಿಸುತ್ತಾಳೆ. ಆದರೂ ಬೆಳಿಗ್ಗೆ ಎದ್ದಕೂಡಲೆ ನೋಡಬೇಕಾದ ಮುಖ ಇಲ್ಲಿಲ್ಲ, ಚಹಾದ ಹೊತ್ತಿನ ಮುಖವೂ ಇಲ್ಲ.

ನಿನ್ನೆ ಸಂಜೆ ತಾಜಬೀ ವೀಡಿಯೋ ಫೋನು ಮಾಡಿದಳು. ತನ್ನ ಮುಖ ತೋರಿಸಲಿಲ್ಲ. ನೇರ ಅಡಿಗೆಮನೆಯ ಕಿಟಕಿಗೆ ಹಿಡಿದು, ಎಣಿಸಿರಿ ಎಂದಳು. ಕನ್ನಡಕ ಹಾಕಿಕೊಂಡು ನೋಡಿದೆ. ಶಹಜಾದಿ ಬಿಸಿಲಿಗೆ ಪಕ್ಕ ಕೊಟ್ಟು ನಿಂತಿದ್ದಳು, ಮೈ ಮಿರುಗುತ್ತಿತ್ತು. ಒಂದೂ ಕಾಣಲಿಲ್ಲ. ಹಾಗಾದರೆ ಷರತ್ತು ಮುಗಿಯಿತು, ನಾಳೆ ಬೆಳಗಿನ ಬಸ್ಸಿಗೆ ತೌಡಿನ ಚೀಲದ ಜೊತೆ ನಾನೂ ಬರುತ್ತೇನೆ ಎಂದೆ.

ಅವಳು ಫೋನನ್ನು ಕಿಟಕಿಗೆ ಇನ್ನೂ ಹತ್ತಿರ ಹಿಡಿದಳು.

"ನೀವು ಹೋಗಿ ಎಂಟು ದಿನಕ್ಕ ಇಷ್ಟು ತುಂಬ್ಯಾಳ," ಎಂದಳು. "ಇನ್ನೊಂದು ತಿಂಗಳು ಅಲ್ಲೇ ಇರ್ರಿ."

ನಾನು ಮತ್ತೆ ನೋಡಿದೆ, ಎಲ್ಲಾದರೂ ಒಂದು ಎಲುಬು ಸಿಕ್ಕೀತೇ ಎಂದು. ಸಿಗಲಿಲ್ಲ. ಆಯಿತು ಎಂದು ಫೋನು ಇಟ್ಟು, ಜರಡಿ ಕೈಗೆತ್ತಿಕೊಂಡೆ.